ನಿಂತ ಸರ್ವೀಸ್ ರೋಗವಲ್ಲ

ಯುಎಸ್‌ಬಿ ಡ್ರೈವ್‌ಗೆ ರಾತ್ರಿ ಬ್ಯಾಕಪ್ ಹೊಂದಿಸಿಟ್ಟ ವಿಂಡೋಸ್ ಸರ್ವರ್ ಬೆಳಿಗ್ಗೆ ಅಲರ್ಟ್ ತೋರಿಸುತ್ತದೆ: ವಾಲ್ಯೂಮ್ ಶ್ಯಾಡೋ ಕಾಪಿ ವಿಫಲ. ಸರ್ವೀಸ್‌ಗಳ ಪಟ್ಟಿ ತೆರೆದರೆ ಆ ಸರ್ವೀಸ್ ನಿಂತೇ ಇದೆ. ಹಲವರು ಅದನ್ನು ಚಾಲೂ ಮಾಡಿ, ಕೆಲಸ ಮುಗಿಯಿತೆಂದು ಎದ್ದುಬಿಡುತ್ತಾರೆ. ಆದರೆ ಅದು ನಿಂತಿರುವುದು ಸಹಜ. ಅದು ‘ಮ್ಯಾನುಯಲ್’ ಬಗೆಯ ಸರ್ವೀಸ್. ಬ್ಯಾಕಪ್ ಕರೆದಾಗ ಎದ್ದು, ಕೆಲಸ ಮುಗಿದ ಮೇಲೆ ತಾನೇ ಮಲಗುತ್ತದೆ.

ಬಳಕೆಯಲ್ಲಿರುವ ಫೈಲನ್ನು ನಕಲು ಮಾಡುವುದು ಸುಲಭವಲ್ಲ. ಅರ್ಧ ನಕಲಾಗುವಷ್ಟರಲ್ಲಿ ಉಳಿದರ್ಧ ಬದಲಾಗಿಬಿಟ್ಟರೆ ಆ ಪ್ರತಿ ಯಾವುದಕ್ಕೂ ಬಾರದು. ಅದಕ್ಕಾಗಿ ಈ ಸರ್ವೀಸ್ ಮೊದಲು ಎಸ್‌ಕ್ಯೂಎಲ್ ಸರ್ವರ್‌ನಂಥ ತಂತ್ರಾಂಶಗಳ ಬರವಣಿಗೆಯನ್ನು ತಡೆದು ನಿಲ್ಲಿಸುತ್ತದೆ, ಹೆಚ್ಚೆಂದರೆ 60 ಸೆಕೆಂಡು. ಆಮೇಲೆ ಡಿಸ್ಕಿನ ಮೇಲಿನ ಬರವಣಿಗೆಯೇ ನಿಲ್ಲಬೇಕು. ಅದು 10 ಸೆಕೆಂಡು ಮೀರುವಂತಿಲ್ಲ. ಅಷ್ಟರಲ್ಲಿ ನೆರಳುಪ್ರತಿ (ಶ್ಯಾಡೋ ಕಾಪಿ) ಸಿದ್ಧ. ಇಡೀ ಡಿಸ್ಕಿನ ನಕಲು ಅಷ್ಟು ಬೇಗ ಆಗುವುದುಂಟೇ? ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮುಂದೆ ಯಾವ ಬ್ಲಾಕ್ ಬದಲಾಗಲಿದ್ದರೂ ಅದರ ಹಳೆಯ ರೂಪವನ್ನು ಮೊದಲು ಬದಿಗೆ ಎತ್ತಿಡುವ ಏರ್ಪಾಡೇ ನೆರಳುಪ್ರತಿ. ಇಷ್ಟು ಸರಳ ಉಪಾಯದಿಂದ ಕಚೇರಿಯ ಕೆಲಸ ನಿಲ್ಲದೆ ಬ್ಯಾಕಪ್ ನಡೆಯುತ್ತದೆ ಎಂಬುದು ನನಗೆ ಇಂದಿಗೂ ಬೆರಗು.

ಹೊರಗಿನ ಡ್ರೈವ್ ಕೈಕೊಡುವುದು ಇಲ್ಲೇ. ಅದು ನಿಧಾನವಾದಷ್ಟೂ ಬ್ಯಾಕಪ್ ಎಳೆಯುತ್ತದೆ, ಎತ್ತಿಟ್ಟ ಹಳೆಯ ಬ್ಲಾಕ್‌ಗಳ ರಾಶಿ ಬೆಳೆಯುತ್ತದೆ. ರಾಶಿಗೆ ಜಾಗ ಸಮಯಕ್ಕೆ ಸಿಗದಿದ್ದರೆ ವಿಂಡೋಸ್ ನೆರಳುಪ್ರತಿಯನ್ನೇ ಅಳಿಸಿಹಾಕುತ್ತದೆ. ಸಿಸ್ಟಮ್ ಲಾಗ್‌ನಲ್ಲಿ ‘ವೋಲ್‌ಸ್ನ್ಯಾಪ್’ ಹೆಸರಿನ 25ನೇ ನಂಬರಿನ ಘಟನೆ ಇದೇ. ಅಲರ್ಟ್ ದೂರುವುದು ಸರ್ವೀಸನ್ನು. ತಪ್ಪು ಕೇಬಲ್‌ನದ್ದೂ ಇರಬಹುದು.

ಹಾಗಾಗಿ ಅಲರ್ಟಿನ ಹೊತ್ತಿಗಿಂತ ಸ್ವಲ್ಪ ಹಿಂದಿನ ದಾಖಲೆ ಓದಬೇಕು. ಅಲ್ಲಿ ‘ಡಿಸ್ಕ್ 153’ ಸಾಲುಸಾಲಾಗಿ ಇದ್ದರೆ, ಡಿಸ್ಕಿಗೆ ಕೊಟ್ಟ ಕೆಲಸವನ್ನು ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸಿದೆ ಎಂದರ್ಥ. ಅದು ಯಾವ ಡಿಸ್ಕ್ ಎಂದು ನೋಡಿಕೊಳ್ಳಿ. ಹೊರಗಿನದ್ದೇ ಆದರೆ ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ. ಹಳೆಯ ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3 ಆದರೆ 900. ಪೋರ್ಟಿನಿಂದಲೇ ವಿದ್ಯುತ್ ಪಡೆಯುವ ಡ್ರೈವ್‌ಗೆ ಈ ವ್ಯತ್ಯಾಸ ದೊಡ್ಡದು. ಡ್ರೈವ್ ಚೆನ್ನಾಗಿದ್ದರೆ ಮಾತ್ರ ‘ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ರೈಟರ್ಸ್’ ಎಂಬ ಆದೇಶ ಕೊಡಿ. ಸೋತ ತಂತ್ರಾಂಶ ಯಾವುದೆಂದು ಅದು ಹೇಳುತ್ತದೆ. ಮತ್ತೆ ಚಾಲೂ ಮಾಡಬೇಕಾದದ್ದು ಆ ತಂತ್ರಾಂಶದ ಸರ್ವೀಸನ್ನು.

ಅಲರ್ಟ್ ಬರುತ್ತಿದ್ದರೆ ಒಳ್ಳೆಯದೇ ಎನ್ನಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಮುಖ್ಯ ಡೇಟಾಬೇಸ್ ಕೈತಪ್ಪಿನಿಂದ ಅಳಿಸಿಹೋಯಿತು. ನಿತ್ಯದ ಬ್ಯಾಕಪ್ ಅದಕ್ಕೂ ಮೊದಲೇ ಕೆಟ್ಟಿತ್ತು. ಅದನ್ನು ತಿಳಿಸಬೇಕಿದ್ದ ಇಮೇಲ್‌ಗಳು ದೃಢೀಕರಣ ಇಲ್ಲವೆಂದು ತಿರಸ್ಕೃತವಾಗುತ್ತಿದ್ದವು. ಎಂಜಿನಿಯರ್ ಒಬ್ಬರು ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿಯೇ ಕೊನೆಗೆ ಕಾಪಾಡಿತು.

ನಿಮ್ಮ ಡ್ರೈವ್‌ನಿಂದಲೂ ಇಂದೇ ಒಂದು ಫೈಲನ್ನು ಬೇರೆ ಫೋಲ್ಡರ್‌ಗೆ ಮರಳಿ ತಂದು, ತೆರೆದು ನೋಡಿ.