ಗಾಲಿಗಳ ಮೇಲಿನ ತರಗತಿ: ಬಸ್ಸಿಗಿಂತ ನಿತ್ಯದ ವೆಚ್ಚವೇ ಮುಖ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಇಂದು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ಇಲ್ಲಿನ ಬೇಸಾಯ ಬಹುಪಾಲು ಮಳೆಯನ್ನೇ ಅವಲಂಬಿಸಿದೆ. ಮಳೆ ಕೈಕೊಟ್ಟ ವರ್ಷ ತಾಂಡಾಗಳ ಹಾಗೂ ಹಳ್ಳಿಗಳ ಕುಟುಂಬಗಳು ಕಾಫಿ ಸೀಮೆಗೂ ಬೆಂಗಳೂರಿಗೂ ಗುಳೆ ಹೋಗುತ್ತವೆ. ಮಕ್ಕಳಲ್ಲಿ ಕೆಲವರು ತಂದೆ ತಾಯಿಯ ಬೆನ್ನು ಹಿಡಿಯುತ್ತಾರೆ; ಕೆಲವರು ಅಜ್ಜಿಯ ಮನೆಯಲ್ಲಿ ಉಳಿಯುತ್ತಾರೆ. ಯಾರ ಆಸರೆಯೂ ಇಲ್ಲದ ಮಗುವಿಗೆ ಬಸ್ ನಿಲ್ದಾಣ, ಸಂತೆ, ಕೊಟ್ಟೂರು ಮತ್ತು ಮೈಲಾರದಂತಹ ಜಾತ್ರೆಗಳೇ ಗತಿ. ಇಂತಹ ಮಗು ಶಾಲೆಯ ಬಾಗಿಲಿಗೆ ತಾನಾಗಿಯೇ ಬರುವುದಿಲ್ಲ. ಶಾಲೆಯೇ ಅದರ ಬಳಿಗೆ ಹೋಗಬೇಕಾಗುತ್ತದೆ.

ಅನುಭವ ಹೇಳುವುದೇನು?

ಈ ಕಲ್ಪನೆ ಹೊಸದಲ್ಲ. 1969ರಲ್ಲಿ ದೆಹಲಿಯ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಮೀರಾ ಮಹಾದೇವನ್ ಅವರು ‘ಮೊಬೈಲ್ ಕ್ರೆಷಸ್’ ಆರಂಭಿಸಿದರು. ರಜನಿ ಪರಾಂಜಪೆ ಹಾಗೂ ಬೀನಾ ಲಷ್ಕರಿ ಅವರು 1988ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ‘ಡೋರ್ ಸ್ಟೆಪ್ ಸ್ಕೂಲ್’ ಸಂಸ್ಥೆ 1998ರಲ್ಲಿ ಬಸ್ಸನ್ನೇ ತರಗತಿಯಾಗಿ ಮಾರ್ಪಡಿಸಿತು. ಕರ್ನಾಟಕದಲ್ಲಿಯೂ ಶಾಲೆ ಬಿಟ್ಟ ಮಕ್ಕಳಿಗಾಗಿ ‘ಚಿಣ್ಣರ ಅಂಗಳ’, ವಲಸೆ ಕುಟುಂಬಗಳ ಮಕ್ಕಳಿಗಾಗಿ ಟೆಂಟ್ ಶಾಲೆಗಳು ನಡೆದಿವೆ. ಬೀದಿಯ ಮಗುವಿಗೆ ಒಂದೆಡೆ ಕೂರುವ ಅಭ್ಯಾಸ, ಅಕ್ಷರ, ಎಣಿಕೆ, ಸ್ವಚ್ಛತೆ ಹಾಗೂ ಶಿಕ್ಷಕರ ಮೇಲಿನ ವಿಶ್ವಾಸ, ಈ ಐದೂ ಕೂಡಿ ಬಂದಾಗ ಮಾತ್ರ ಸಾಮಾನ್ಯ ಶಾಲೆಯಲ್ಲಿ ಅದು ನಿಲ್ಲಬಲ್ಲದು. ಸಂಚಾರಿ ತರಗತಿಯ ಕೆಲಸ ಇಷ್ಟೇ. ಅದು ಶಾಲೆಗೆ ಪರ್ಯಾಯವಲ್ಲ, ಶಾಲೆಗೆ ಸೇತುವೆ.

ಕಾನೂನಿನ ಬೆಂಬಲ

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಪ್ರಕರಣದಂತೆ, ಶಾಲೆಗೆ ಸೇರದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡಬೇಕು. ಕೇಂದ್ರದ ನಿಯಮಗಳ ಪ್ರಕಾರ ಈ ತರಬೇತಿಯ ಅವಧಿ ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಅನಾಥ ಮಗು ಕಂಡುಬಂದಲ್ಲಿ 2015ರ ಬಾಲನ್ಯಾಯ ಕಾಯ್ದೆಯಂತೆ 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆದ್ದರಿಂದ ಬಸ್ಸಿನ ಶಿಕ್ಷಕಿಗೆ ಪಾಠದ ಜತೆಗೆ ಈ ನಿಯಮಗಳ ತಿಳಿವಳಿಕೆಯೂ 1098 ಸಹಾಯವಾಣಿಯ ಸಂಪರ್ಕವೂ ಅಗತ್ಯ.

ಲೆಕ್ಕದ ದೃಷ್ಟಿಯಿಂದ

ಇಲ್ಲಿ ವಾಣಿಜ್ಯ ಬಂಧುಗಳು ಗಮನಿಸಬೇಕಾದ ಅಂಶವೊಂದಿದೆ. ಬಸ್ಸು ಬಂಡವಾಳ ವೆಚ್ಚ. ಒಮ್ಮೆ ಕೊಂಡರೆ ಮುಗಿಯಿತು. ಅದರ ಮೇಲೆ ದಾನಿಯ ಹೆಸರು ಬರೆಸಬಹುದು, ಉದ್ಘಾಟನೆಯೂ ಆಗುತ್ತದೆ. ಆದರೆ ಶಿಕ್ಷಕಿಯ ಹಾಗೂ ಚಾಲಕನ ಸಂಬಳ, ಡೀಸೆಲ್, ವಿಮೆ, ಟೈರು, ಮಕ್ಕಳ ತಿಂಡಿ ಇವೆಲ್ಲ ಕಂದಾಯ ವೆಚ್ಚ, ವರ್ಷವರ್ಷವೂ ಬರುವಂಥವು. ಇವುಗಳ ಮೇಲೆ ಯಾರ ಹೆಸರನ್ನೂ ಬರೆಯಲಾಗದು. ಈ ಭಾಗಕ್ಕೆ ಹಣ ಮೀಸಲಿಡದಿದ್ದರೆ ಎರಡನೆಯ ವರ್ಷ ಬಸ್ಸು ಶೆಡ್ಡಿನಲ್ಲಿ ನಿಲ್ಲುತ್ತದೆ. ಆಸ್ತಿಯ ಸವಕಳಿಯನ್ನು ಲೆಕ್ಕಪತ್ರದಲ್ಲಿ ತೋರಿಸಬಹುದು. ನಂಬಿ ಕಾದು ಕುಳಿತ ಮಗುವಿನ ನಷ್ಟಕ್ಕೆ ಯಾವ ಖಾತೆಯೂ ಇಲ್ಲ.

2013ರ ಕಂಪನಿ ಕಾಯ್ದೆಯ 135ನೇ ಪ್ರಕರಣದ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದು ಅದೇ ಪ್ರಕರಣ ಹೇಳುತ್ತದೆ. 2021ರ ತಿದ್ದುಪಡಿಯ ನಂತರ ಇಂತಹ ಹಣದಿಂದ ಕೊಂಡ ಆಸ್ತಿಯನ್ನು ಕಂಪನಿ ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ. ಅದು ನೋಂದಾಯಿತ ಟ್ರಸ್ಟ್, ಸೊಸೈಟಿ, ಸಾರ್ವಜನಿಕ ಪ್ರಾಧಿಕಾರ ಮುಂತಾದವುಗಳ ಹೆಸರಿನಲ್ಲಿರಬೇಕು. ಆದುದರಿಂದ ಬಸ್ಸು ಕೊಳ್ಳುವ ಮುನ್ನವೇ ಅದನ್ನು ನಡೆಸುವವರು ಯಾರು, ಮೂರು ವರ್ಷದ ವೆಚ್ಚ ಎಲ್ಲಿಂದ ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿರಬೇಕು.

ಈ ಕಾಯ್ದೆಯ ವ್ಯಾಪ್ತಿಗೆ ಬಾರದ ಸಣ್ಣ ವರ್ತಕರೂ ದೂರ ಉಳಿಯಬೇಕಾಗಿಲ್ಲ. ಪೆಟ್ರೋಲ್ ಬಂಕಿನವರು ತಿಂಗಳ ಡೀಸೆಲ್, ಗ್ಯಾರೇಜಿನವರು ದುರಸ್ತಿ, ಕಿರಾಣಿ ವರ್ತಕರು ಉಪಾಹಾರದ ಸಾಮಗ್ರಿ, ಮುದ್ರಣಾಲಯದವರು ಪಾಠೋಪಕರಣ ವಹಿಸಿಕೊಂಡರೆ ಕಂದಾಯ ವೆಚ್ಚದ ದೊಡ್ಡ ಪಾಲು ಸ್ಥಳೀಯವಾಗಿಯೇ ನೀಗುತ್ತದೆ. ಬಸ್ಸು ನಿಲ್ಲಲು ಎಪಿಎಂಸಿ ಪ್ರಾಂಗಣದಲ್ಲಿ ಜಾಗ ದೊರೆತರೆ ಅದೂ ಒಂದು ನೆರವೇ.

ಐದು ತಾಲ್ಲೂಕಿಗೂ ಒಂದೇ ಬಸ್ಸು ಎಂಬ ಆಸೆ ಬೇಡ. ಆಗ ಒಂದು ಊರಿಗೆ ವಾರಕ್ಕೊಮ್ಮೆ ಮಾತ್ರ ಹೋಗಲಾಗುವುದು. ಸೋಮವಾರ ಕಲಿತ ಅಕ್ಷರ ಮುಂದಿನ ಸೋಮವಾರಕ್ಕೆ ಮರೆತಿರುತ್ತದೆ. ಕಡಿಮೆ ನಿಲುಗಡೆಗಳಲ್ಲಿ ಪ್ರತಿದಿನ ಎರಡು ಗಂಟೆ ಪಾಠ ನಡೆಯುವುದೇ ಲೇಸು. ಗುಳೆ ಹೊರಡುವ ತಿಂಗಳುಗಳನ್ನೂ ಜಾತ್ರೆಯ ದಿನಗಳನ್ನೂ ಗಮನದಲ್ಲಿಟ್ಟು ವೇಳಾಪಟ್ಟಿ ಸಿದ್ಧಪಡಿಸಬೇಕು.

ವಾರ್ಷಿಕ ವರದಿಯಲ್ಲಿ ಬಸ್ಸು ಹತ್ತಿದ ಮಕ್ಕಳ ಸಂಖ್ಯೆಯನ್ನು ಜಮಾ ಎಂದು ಬರೆಯುವುದು ಸರಿಯಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಸೇರಿ, ಒಂದು ವರ್ಷದ ನಂತರವೂ ಅಲ್ಲಿಯೇ ಉಳಿದಿರುವ ಮಕ್ಕಳೆಷ್ಟು ಎಂಬುದೇ ನಿಜವಾದ ಜಮಾ. ಈ ಲೆಕ್ಕವನ್ನು ಕೇಳುವ ದಾನಿಗಳು ಮುಂದೆ ಬಂದಲ್ಲಿ ಗಾಲಿಗಳ ಮೇಲಿನ ತರಗತಿ ಈ ಐದು ತಾಲ್ಲೂಕುಗಳಲ್ಲಿ ಸಾರ್ಥಕವಾಗುವುದರಲ್ಲಿ ಸಂದೇಹವಿಲ್ಲ.