ಪರರಿಗಾಗಿ ಒಂದು ಇರುಳ ಸವಾರಿ

ರಾತ್ರಿಯೆಲ್ಲ ಎಚ್ಚರವಾಗಿರುವುದಕ್ಕೆ ನಮ್ಮ ಜನಕ್ಕೆ ಕಾರಣಗಳು ಎಂದೂ ಕಡಮೆಯಾಗಿಲ್ಲ. ಶಿವರಾತ್ರಿಯ ಜಾಗರಣೆಯುಂಟು; ಬಯಲಾಟದ ರಾತ್ರಿಯುಂಟು; ಕಣದಲ್ಲಿ ರಾಶಿ ಕಾಯುವ ರೈತನ ರಾತ್ರಿಯುಂಟು; ಪರೀಕ್ಷೆಯ ಹಿಂದಿನ ದಿನ ವಿದ್ಯಾರ್ಥಿಗಳು ಪುಸ್ತಕದ ಮುಂದೆ ತೂಕಡಿಸುವ ರಾತ್ರಿಯಂತೂ ಮನೆಮನೆಗೂ ಪರಿಚಿತವಾದುದು. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಇನ್ನೊಂದು ಸೇರಿಕೊಂಡಿದೆ. ಸಂಜೆಯ ಊಟ ಮುಗಿಸಿ, ಬೈಸಿಕಲ್ಲಿಗೆ ದೀಪ ಕಟ್ಟಿ, ಹತ್ತಾರು ಮಂದಿ ಗುಂಪುಗೂಡಿ ಹೊರಡುವುದು. ಬೆಳಗಾಗುವ ವೇಳೆಗೆ ಮತ್ತೊಂದು ಊರನ್ನು ಮುಟ್ಟುವುದು. ಹಾಗೆ ಮುಟ್ಟಿದರೆ ಇಷ್ಟು ಕೊಡುತ್ತೇವೆಂದು ಬಂಧುಮಿತ್ರರು ಮಾತು ಕೊಟ್ಟ ಹಣವನ್ನು ಒಂದು ಸತ್ಕಾರ್ಯಕ್ಕೆ ಒಪ್ಪಿಸುವುದು. ಇದರಲ್ಲಿ ಪಂದ್ಯವಿಲ್ಲ, ಪದಕವಿಲ್ಲ. ಮೊದಲು ತಲಪಿದವನಿಗೂ ಕೊನೆಯವನಿಗೂ ದೊರೆಯುವುದು ಒಂದೇ ಲೋಟ ಕಾಫಿ.

“ಕೊಡುವ ಹಣವನ್ನು ಹಗಲಿನಲ್ಲಿಯೇ ಕೊಟ್ಟು, ರಾತ್ರಿ ಸುಖವಾಗಿ ಮಲಗಬಾರದೆ? ಹಣ ಕೊಡುವವರು ಅವರು. ಕಾಲು ನೋಯಿಸಿಕೊಳ್ಳುವವರು ನೀವು. ಇದೆಂತಹ ಧರ್ಮ?”

ಮಾಘ ಮಾಸದ ಹುಣ್ಣಿಮೆಯಂದು ಚಿತ್ರದುರ್ಗದಿಂದ ಹಾಲುರಾಮೇಶ್ವರಕ್ಕೆ ಇಂತಹ ಸವಾರಿಯೊಂದನ್ನು ಕೈಕೊಂಡಾಗ, ಕಾಲೇಜಿನ ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಹಾಕಿದ ಪ್ರಶ್ನೆ ಇದು. ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಇದಕ್ಕೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಹೊರನಾಡುಗಳ ಮಾದರಿ

ಧರ್ಮಾರ್ಥ ಸವಾರಿಯ ಕಥೆಗಳಲ್ಲಿ ಪ್ರಸಿದ್ಧವಾದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ್ದು. ಬಿಲ್ಲಿ ಸ್ಟಾರ್ ಎಂಬ ತರುಣನ ತಾಯಿ ೧೯೭೪ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆತ ೧೯೮೦ರಲ್ಲಿ ಮಿತ್ರರನ್ನು ಕೂಡಿಸಿಕೊಂಡು, ರಾಜ್ಯದ ಒಂದು ಅಂಚಿನಿಂದ ಕಡಲ ತೀರದವರೆಗೆ ಬೈಸಿಕಲ್ ತುಳಿದು, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದ. ಮೊದಲ ವರ್ಷ ಸವಾರರು ೩೬ ಮಂದಿ. ಕೂಡಿದ ಹಣ ೧೦,೨೦೦ ಡಾಲರು. ಆ ಸವಾರಿ ಅಲ್ಲಿಗೆ ನಿಲ್ಲದೆ ವರ್ಷವರ್ಷವೂ ಬೆಳೆಯಿತು. ೨೦೨೪ರ ವೇಳೆಗೆ ಅದು ಆರಂಭದಿಂದ ಕೂಡಿಸಿದ ಒಟ್ಟು ಮೊತ್ತ ನೂರು ಕೋಟಿ ಡಾಲರುಗಳನ್ನು ದಾಟಿತು. ಸವಾರರು ತಂದ ಹಣವೆಲ್ಲ ಆಸ್ಪತ್ರೆಗೆ ಸಲ್ಲಬೇಕು, ಏರ್ಪಾಟಿನ ಖರ್ಚಿಗೆ ಬೇರೆ ದಾರಿ ಕಾಣಬೇಕು ಎಂಬುದು ಅವರು ಪಾಲಿಸಿಕೊಂಡು ಬಂದ ಕಟ್ಟಳೆ. ಈ ಕಟ್ಟಳೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಇರುಳಿನಲ್ಲಿ ಸವಾರಿ ಮಾಡುವ ಶಿಸ್ತು ಬಂದದ್ದು ಫ್ರಾನ್ಸಿನಿಂದ. ಪ್ಯಾರಿಸಿನಿಂದ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಹಿಂದಿರುಗುವ ೧,೨೦೦ ಕಿಲೋಮೀಟರಿನ ಸವಾರಿ ಆರಂಭವಾದದ್ದು ೧೮೯೧ರಲ್ಲಿ. ಈಗ ಅದನ್ನು ೯೦ ಗಂಟೆಗಳೊಳಗೆ ಮುಗಿಸಬೇಕು. ಅದೇ ನಿಯಮಗಳನ್ನು ಅನುಸರಿಸುವ ‘ಬ್ರೆವೆ’ ಸವಾರಿಗಳು ನಮ್ಮ ಬೆಂಗಳೂರಿನಲ್ಲಿಯೂ ನಡೆಯುತ್ತವೆ: ೩೦೦ ಕಿಲೋಮೀಟರಿಗೆ ೨೦ ಗಂಟೆ, ೪೦೦ಕ್ಕೆ ೨೭ ಗಂಟೆ, ೬೦೦ಕ್ಕೆ ೪೦ ಗಂಟೆ. ಇಷ್ಟು ದೂರ ಹೋಗುವವನಿಗೆ ರಾತ್ರಿಯನ್ನು ತಪ್ಪಿಸಿಕೊಳ್ಳುವ ಉಪಾಯವಿಲ್ಲ. ಆದ್ದರಿಂದ ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ, ಮೈಮೇಲೆ ಬೆಳಕಿಗೆ ಹೊಳೆಯುವ ಅಂಗಿ, ಇವಿಲ್ಲದವನನ್ನು ಅವರು ರಸ್ತೆಗೆ ಬಿಡುವುದಿಲ್ಲ. ಅದು ಧರ್ಮಾರ್ಥ ಸವಾರಿಯಲ್ಲ. ಆದರೂ ನಾವು ಕಲಿತ ಪಾಠ ಅದು.

ಮೈಯನ್ನು ಒತ್ತೆಯಿಟ್ಟು ಕೇಳುವುದು

ಹೊರನಾಡಿನ ಈ ಪದ್ಧತಿ ನಮಗೆ ತೀರ ಹೊಸದೇ? ವಿನೋಬಾ ಭಾವೆಯವರು ೧೯೫೧ರ ಏಪ್ರಿಲ್ ೧೮ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಮೊದಲ ಭೂದಾನವನ್ನು ಪಡೆದರು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಊರಿಂದ ಊರಿಗೆ ನಡೆದರು. ೧೯೫೭ರ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರಿನ ಬಳಿಯ ಯಲವಾಲದಲ್ಲಿ ಗ್ರಾಮದಾನದ ವಿಷಯವಾಗಿ ದೇಶದ ನಾಯಕರೆಲ್ಲ ಸೇರಿದಾಗಲೂ ಅವರು ಬಂದದ್ದು ಪಾದಯಾತ್ರೆಯಾಗಿಯೇ. ಕೂತಲ್ಲಿಂದ ಕಾಗದ ಬರೆದು ಭೂಮಿ ಕೇಳಿದ್ದರೆ ಯಾರು ಕೊಡುತ್ತಿದ್ದರು? ಮನೆಯ ಬಾಗಿಲಿಗೆ ಧೂಳಿನ ಕಾಲಿನಲ್ಲಿ ಬಂದ ಮುದುಕನಿಗೆ ‘ಇಲ್ಲ’ ಎನ್ನುವುದು ಕಷ್ಟ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಜನರಿಂದ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅಲ್ಲಿಯೂ ಜೋಳಿಗೆಯಷ್ಟೇ ಮುಖ್ಯವಾದದ್ದು ಅದನ್ನು ಹೊತ್ತು ಬಂದ ಕಾಲುಗಳು.

ಕೇಳುವವನು ತನ್ನ ಮೈಯನ್ನು ಒತ್ತೆಯಿಟ್ಟು ಕೇಳಿದರೆ ಕೊಡುವವನ ಮನಸ್ಸು ತೆರೆಯುತ್ತದೆ. ಇದು ನಮ್ಮವರಿಗೆ ಎಂದೋ ತಿಳಿದ ಸಂಗತಿ. ಸವಾರಿಯ ಹಣವೂ ಇದೇ ಬಗೆಯದು. ಪೆಡಲು ತುಳಿದುದರಿಂದ ಒಂದು ಕಾಸೂ ಹುಟ್ಟುವುದಿಲ್ಲ. ‘ಇವನು ರಾತ್ರಿಯೆಲ್ಲ ತುಳಿಯುತ್ತಾನೆಯೇ? ಹಾಗಾದರೆ ನಾನೂ ಏನಾದರೂ ಮಾಡಬೇಕು’ ಎಂಬ ಸಂಕೋಚದಿಂದ ಅದು ಹುಟ್ಟುತ್ತದೆ.

ಯಾತಕ್ಕಾಗಿ?

ನಮ್ಮ ಸವಾರಿಯ ಉದ್ದೇಶ ಸರಳವಾದದ್ದು. ಹಳ್ಳಿಯಿಂದ ಪ್ರೌಢಶಾಲೆಗೆ ನಡೆದುಹೋಗುವ ಹೆಣ್ಣುಮಕ್ಕಳಿಗೆ ಬೈಸಿಕಲ್ಲು ಕೊಡಿಸುವುದು. ಮನೆಯ ಮೂಲೆಯಲ್ಲಿ ಮುರಿದು ಬಿದ್ದಿರುವುದನ್ನು ರಿಪೇರಿ ಮಾಡಿಸುವುದು.

ಕರ್ನಾಟಕ ಸರಕಾರವು ೨೦೦೬–೦೭ರಲ್ಲಿ ೮ನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ ಕೊಡುವ ಯೋಜನೆಯನ್ನು ತಂದಿತು. ಒಂದು ಕಾಲದಲ್ಲಿ ಶಾಲೆ ಬಿಡುವ ಹೊತ್ತಿಗೆ ಹಳ್ಳಿಯ ರಸ್ತೆಗಳಲ್ಲಿ ಒಂದೇ ಬಣ್ಣದ ಸೈಕಲ್ಲುಗಳ ಸಾಲು ಕಾಣುತ್ತಿದ್ದುದನ್ನು ವಾಚಕರು ನೋಡಿರಬಹುದು. ಕೊರೋನಾ ಪಿಡುಗಿನ ವೇಳೆಗೆ, ೨೦೨೦ರ ಸುಮಾರಿಗೆ, ಆ ವಿತರಣೆ ನಿಂತಿತು.

ಒಂದು ಸೈಕಲ್ಲಿನಿಂದ ಏನಾದೀತೆಂದು ಕೇಳುವವರಿಗೆ ಬಿಹಾರದ ಉದಾಹರಣೆಯನ್ನು ಕೊಡಬಹುದು. ಅಲ್ಲಿಯೂ ೨೦೦೬ರಲ್ಲಿ ೯ನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ಲಿಗಾಗಿ ಹಣ ಕೊಡುವ ಯೋಜನೆ ಆರಂಭವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಲೆಕ್ಕಹಾಕಿ ೨೦೧೭ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ ೩೨ರಷ್ಟು ಹೆಚ್ಚಿತ್ತು. ಹುಡುಗ ಹುಡುಗಿಯರ ನಡುವಣ ಅಂತರ ಶೇಕಡಾ ೪೦ರಷ್ಟು ತಗ್ಗಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಈ ಪರಿಣಾಮ ಎದ್ದು ಕಾಣುತ್ತಿತ್ತು. ಹುಡುಗಿಯ ಓದಿಗೆ ಅಡ್ಡ ಬಂದಿದ್ದದ್ದು ಬುದ್ಧಿಯಲ್ಲ, ದೂರ.

ಕೋಟೆಯ ಕೆಳಗಿನಿಂದ

ಹೊರಟವರು ಹದಿನೆಂಟು ಮಂದಿ: ಅಧ್ಯಾಪಕರು ಆರು, ವಿದ್ಯಾರ್ಥಿಗಳು ಹನ್ನೆರಡು, ಅವರಲ್ಲಿ ಹುಡುಗಿಯರು ಐವರು. ಹೆಣ್ಣುಮಕ್ಕಳನ್ನು ರಾತ್ರಿ ರಸ್ತೆಗೆ ಕಳುಹಿಸಲು ತಂದೆತಾಯಿಗಳು ಅಂಜಿದುದು ಸಹಜವೇ. ಹಿಂದೆ ಒಂದು ವ್ಯಾನು ಬರುವುದೆಂದೂ, ಅದರಲ್ಲಿ ಔಷಧದ ಪೆಟ್ಟಿಗೆಯೊಡನೆ ದೈಹಿಕ ಶಿಕ್ಷಣದ ಅಧ್ಯಾಪಕರ ದಂಪತಿಗಳೇ ಇರುವರೆಂದೂ, ದಾರಿಯ ಪೊಲೀಸ್ ಠಾಣೆಗಳಿಗೆ ಮೊದಲೇ ತಿಳಿಸಿದೆಯೆಂದೂ ಹೇಳಿದ ಮೇಲೆ ಒಪ್ಪಿದರು. ಒಬ್ಬಾಕೆಯ ತಂದೆ ಒಪ್ಪಿಯೂ ನೆಮ್ಮದಿಯಾಗದೆ, ತಾವೇ ಬಂದು ವ್ಯಾನಿನಲ್ಲಿ ಕುಳಿತರು.

ಏಳು ಸುತ್ತಿನ ಕೋಟೆಯ ಕೆಳಗಿನಿಂದ ಹತ್ತು ಗಂಟೆಗೆ ಹೊರಟೆವು. ಹೊಳಲ್ಕೆರೆ, ಹೊಸದುರ್ಗಗಳ ಮೇಲೆ ಹಾಲುರಾಮೇಶ್ವರಕ್ಕೆ ಸುಮಾರು ಎಪ್ಪತ್ತು ಎಪ್ಪತ್ತೈದು ಕಿಲೋಮೀಟರು. ಅನುಭವಿಗಳಿಗೆ ಇದು ದೊಡ್ಡ ದೂರವಲ್ಲ. ಹಳೆಯ ಸಾದಾ ಸೈಕಲ್ಲುಗಳ ಮೇಲೆ ಕುಳಿತ ನಮ್ಮಂತಹವರಿಗೆ ಸಾಕಷ್ಟಾಯಿತು. ಗುಂಪಿನಲ್ಲಿ ನಿಧಾನವಾಗಿ ಹೋಗುವವನನ್ನು ಎಲ್ಲರಿಗಿಂತ ಮುಂದೆ ಬಿಡಬೇಕು, ಅವನನ್ನು ಯಾರೂ ದಾಟಬಾರದು ಎಂಬುದು ನಾವು ಮಾಡಿಕೊಂಡ ಒಂದೇ ನಿಯಮ. ಹಗಲಿನಲ್ಲಿ ಈ ನಿಯಮ ಅರ್ಧ ಗಂಟೆಯೂ ನಡೆಯಲಾರದು. ರಾತ್ರಿ ಅದನ್ನು ಮುರಿಯುವ ಧೈರ್ಯ ಯಾರಿಗೂ ಬರಲಿಲ್ಲ. ಗುಂಪಿನ ಬೆಳಕನ್ನು ಬಿಟ್ಟು ಒಬ್ಬನೇ ಕತ್ತಲೆಗೆ ನುಗ್ಗಲು ಯಾರಿಗೆ ಇಷ್ಟ?

ಹೆದ್ದಾರಿಯಲ್ಲಿ ಲಾರಿಗಳು ಸದ್ದು ಮಾಡುತ್ತ ಹೋದವು. ಬೆಳದಿಂಗಳಲ್ಲಿ ಅಡಿಕೆ ತೋಟಗಳು ಕಪ್ಪು ಗೋಡೆಗಳಂತೆ ಕಂಡವು. ಹೊಳಲ್ಕೆರೆಯನ್ನು ಮುಟ್ಟಿದಾಗ ಒಂದು ಗಂಟೆಗೆ ಸ್ವಲ್ಪವೇ ಉಳಿದಿತ್ತು. ಮೇಲೆ ಸೂರಿಲ್ಲದೆ ಬಯಲಿನಲ್ಲಿಯೇ ಕುಳಿತಿರುವ ಅಲ್ಲಿಯ ಬಯಲು ಗಣಪತಿಗೆ ಹೊರಗಿನಿಂದಲೇ ಕೈಮುಗಿದು, ಕಟ್ಟಿಕೊಂಡು ಹೋಗಿದ್ದ ಮಂಡಕ್ಕಿ, ಬಾಳೆಯಹಣ್ಣುಗಳನ್ನು ಮುಗಿಸಿದೆವು. ಇರುಳ ಸವಾರಿಯಲ್ಲಿ ಹಸಿವಾಗುವ ಮೊದಲೇ ತಿನ್ನಬೇಕು. ಒಂದೇ ಸಲ ತುಂಬ ತಿನ್ನಬಾರದು. ತುಂಬಿದ ಹೊಟ್ಟೆ ನಿದ್ರೆಯ ಮಿತ್ರ.

ಮೂರು ಗಂಟೆಯ ಹೊತ್ತು

ಈ ಸವಾರಿಯಲ್ಲಿ ನಿಜವಾದ ಬೆಟ್ಟವು ರಸ್ತೆಯ ಮೇಲಿಲ್ಲ, ಗಡಿಯಾರದ ಮೇಲಿದೆ. ರಾತ್ರಿ ಮೂರರಿಂದ ಐದರವರೆಗೆ ಮನುಷ್ಯನ ಮೈಯ ಶಾಖ ದಿನದಲ್ಲೆಲ್ಲ ಅತಿ ಕೆಳಗಿನ ಮಟ್ಟಕ್ಕೆ ಇಳಿಯುತ್ತದೆ. ಕಣ್ಣು ತೆರೆದಿದ್ದರೂ ಮನಸ್ಸು ಮಂಜಾಗುತ್ತದೆ. ರಸ್ತೆಯ ಬದಿಯ ಮೈಲಿಗಲ್ಲು ಕುಳಿತ ಮನುಷ್ಯನಂತೆ ತೋರುತ್ತದೆ. ಹೊಳಲ್ಕೆರೆಯಿಂದ ಹೊಸದುರ್ಗದ ಕಡೆಗೆ ಹೋಗುವಾಗ ನಮ್ಮನ್ನು ಹಿಡಿದದ್ದು ಈ ಹೊತ್ತು. ಚಳಿ ಬೆರಳುಗಳನ್ನು ಕಚ್ಚುತ್ತಿತ್ತು. ಹಾಡುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಸುಮ್ಮನಾದರು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುತ್ತಿದ್ದವು. ಎಷ್ಟು ತುಳಿದರೂ ಅವು ಇದ್ದಲ್ಲಿಯೇ ಇರುವಂತೆ ಕಾಣುತ್ತಿದ್ದವು.

ನಿದ್ರೆ ಬಂದವರನ್ನು ಬಲವಂತದಿಂದ ತುಳಿಸಬಾರದು. ಕಾಲು ಗಂಟೆ ರಸ್ತೆಯಿಂದ ದೂರ ಕುಳಿತು ಕಣ್ಣು ಮುಚ್ಚಿದರೆ ಒಂದು ಗಂಟೆಯ ಬಲ ಬರುತ್ತದೆ. ನಾವೂ ಹಾಗೆಯೇ ಮಾಡಿದೆವು. ಇಬ್ಬರು ವ್ಯಾನು ಹತ್ತಿದರು. ಅವರನ್ನು ಯಾರೂ ಹಾಸ್ಯ ಮಾಡಲಿಲ್ಲ.

ಹೊಸದುರ್ಗದಲ್ಲಿ ಚಹಾ ಕುಡಿದು, ಐದು ಗಂಟೆಗೆ ಕೊನೆಯ ಹನ್ನೆರಡು ಕಿಲೋಮೀಟರಿನಷ್ಟು ದಾರಿಯನ್ನು ಹಿಡಿದೆವು. ಆಗ ನನ್ನ ಪಕ್ಕದಲ್ಲಿ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ತಾನಾಗಿ ಮಾತು ತೆಗೆದ. ಅವನು ಆ ಕಡೆಯ ಹಳ್ಳಿಯವನೇ. “ನಮ್ಮ ಅಕ್ಕ ನನಗಿಂತ ಚೆನ್ನಾಗಿ ಓದುತ್ತಿದ್ದಳು, ಸಾರ್. ಏಳನೆಯ ತರಗತಿಗೆ ಬಿಡಿಸಿದರು. ಹೈಸ್ಕೂಲು ಆರು ಕಿಲೋಮೀಟರು ದೂರ. ಮಳೆಗಾಲದಲ್ಲಿ ಕತ್ತಲಾಗುತ್ತದೆ ಎಂದರು. ನಾನು ಗಂಡುಹುಡುಗ, ನಡೆದೆ.” ಸ್ವಲ್ಪ ಹೊತ್ತಿನ ಮೇಲೆ ಒಂದು ಕವಲುದಾರಿಯನ್ನು ತೋರಿಸಿ, “ಇಂತಹದೇ ದಾರಿ” ಎಂದ. ಮತ್ತೆ ಮಾತಾಡಲಿಲ್ಲ.

ಆರು ಕಿಲೋಮೀಟರು ಎಂಬ ಮಾತನ್ನು ಸಿಬ್ಬಂದಿ ಕೊಠಡಿಯಲ್ಲಿ ಕುಳಿತು ಕೇಳಿದ್ದರೆ ಅದು ಒಂದು ಅಂಕಿಯಾಗಿ ಕಿವಿಯಲ್ಲಿ ಉಳಿಯುತ್ತಿತ್ತು. ಅರವತ್ತು ಕಿಲೋಮೀಟರು ತುಳಿದು, ತೊಡೆಗಳು ಕಲ್ಲಾಗಿ, ಎದುರಿನ ಕತ್ತಲೆಯಲ್ಲಿ ದೀಪದ ಬೆಳಕಿನಷ್ಟೇ ರಸ್ತೆ ಕಾಣುತ್ತಿದ್ದ ಆ ಹೊತ್ತಿನಲ್ಲಿ ಆರು ಕಿಲೋಮೀಟರು ಎಷ್ಟು ಉದ್ದವೆಂಬುದು ನಮ್ಮ ಹದಿನೆಂಟು ಜನರಿಗೂ ಗೊತ್ತಿತ್ತು. ಹನ್ನೆರಡು ವರ್ಷದ ಹುಡುಗಿ ಪುಸ್ತಕದ ಚೀಲ ಹೊತ್ತು ಅದನ್ನು ದಿನಕ್ಕೆ ಎರಡು ಸಲ ನಡೆಯಬೇಕು. ನನ್ನ ಸಹೋದ್ಯೋಗಿಗಳ ಪ್ರಶ್ನೆಗೆ ಅರ್ಧ ಉತ್ತರ ನನಗೆ ಅಲ್ಲಿ ದೊರೆಯಿತು.

ಗಂಗೆಯ ಅಂಚಿನಲ್ಲಿ

ಉಳಿದರ್ಧ ದೊರೆತದ್ದು ಹಾಲುರಾಮೇಶ್ವರದಲ್ಲಿ. ಬೆಳಕು ಹರಿಯುವ ವೇಳೆಗೆ ರಾಮೇಶ್ವರನ ಗುಡಿಯ ಮುಂದೆ ಸೈಕಲ್ಲುಗಳನ್ನು ಒರಗಿಸಿದೆವು. ಸುತ್ತ ಗುಡ್ಡಗಳು; ಗುಡಿಯ ಬಳಿ ಗಂಗೆಯ ಹೊಂಡ. ಈ ಕ್ಷೇತ್ರಕ್ಕೆ ಜನ ದೂರದೂರದಿಂದ ಬರುವುದು ಈ ಗಂಗೆಗಾಗಿ. ಹರಕೆ ಹೊತ್ತವರು ನೀರಿನ ಅಂಚಿನಲ್ಲಿ ಕುಳಿತು ಪ್ರಾರ್ಥಿಸುತ್ತಾರೆ. ಅರ್ಚಕರು ಅವರ ಪರವಾಗಿ ಗಂಗಮ್ಮನನ್ನು ಬೇಡುತ್ತಾರೆ. ನೀರಿನಿಂದ ಹಣ್ಣೋ, ಕಾಯಿಯೋ, ಎಲೆ ಅಡಿಕೆಯೋ ಮೇಲಕ್ಕೆ ತೇಲಿ ಬಂದರೆ ಅದೇ ತಾಯಿಯ ಪ್ರಸಾದ, ಅದೇ ಉತ್ತರ ಎಂದು ಭಕ್ತರ ನಂಬಿಕೆ. ಮಕ್ಕಳಿಲ್ಲದವರು ತೊಟ್ಟಿಲನ್ನು ಹಾರೈಸುತ್ತಾರೆ.

ನಂಬುವುದು, ಬಿಡುವುದು ಅವರವರಿಗೆ ಸೇರಿದ್ದು. ನನ್ನ ಮನಸ್ಸನ್ನು ಹಿಡಿದದ್ದು ಅಲ್ಲಿ ಕುಳಿತವರ ಭಂಗಿ. ಹಣವಂತನೂ ಕೂಲಿಯವನೂ ಒಂದೇ ರೀತಿಯಲ್ಲಿ ಮಂಡಿಯೂರಿ, ಕೈಯೊಡ್ಡಿ, ಏನು ಬರುವುದೋ ತಿಳಿಯದೆ ಕಾಯುತ್ತಿದ್ದರು. ಧರ್ಮ ಮಾಡುವವನಿಗೆ ಈ ಭಂಗಿಯ ಅಭ್ಯಾಸ ಬೇಕು. ಹಗಲಿನಲ್ಲಿ ಚೆಕ್ಕು ಬರೆಯುವವನು ಕೊಡುವವನಾಗಿಯೇ ಉಳಿಯುತ್ತಾನೆ. ಸ್ವಲ್ಪ ಹೆಮ್ಮೆಯೂ ಸೇರುತ್ತದೆ. ಸವಾರನಾದರೋ ಮೊದಲು ಹತ್ತು ಮನೆಗಳ ಬಾಗಿಲಲ್ಲಿ ಕೈಯೊಡ್ಡಬೇಕು, ಇಲ್ಲವೆಂದರೆ ನಗುತ್ತ ಹಿಂದಿರುಗಬೇಕು. ಆಮೇಲೆ ನಿದ್ರೆ ಕೆಟ್ಟು ತುಳಿಯಬೇಕು. ಅವನ ಕೈಯಿಂದ ಸೈಕಲ್ಲು ಪಡೆಯುವ ಹುಡುಗಿಯೆದುರು ಅವನು ದಾತನಾಗಿ ಬೀಗಲಾರ. ಅವನೂ ಬೇಡಿ ತಂದವನೇ.

ಲೆಕ್ಕದ ಮಾತು

ಇಷ್ಟು ಹೇಳಿದ ಮೇಲೂ ಹಿರಿಯರ ಪ್ರಶ್ನೆಯಲ್ಲಿ ಒಂದು ಮೊನೆ ಉಳಿದಿದೆ. ಬಣ್ಣದ ಅಂಗಿಗಳಿಗೆ, ಫಲಕಗಳಿಗೆ, ಊಟೋಪಚಾರಕ್ಕೆ ಅರ್ಧ ಹಣ ಕರಗಿಹೋದರೆ ಅದು ಧರ್ಮವಲ್ಲ, ವಿಹಾರ. ಅದಕ್ಕಾಗಿಯೇ ಮ್ಯಾಸಚೂಸೆಟ್ಸಿನವರ ಕಟ್ಟಳೆಯನ್ನು ಮೇಲೆ ಹೇಳಿದೆ. ನಾವೂ ವ್ಯಾನಿನ ಬಾಡಿಗೆ, ಚಹಾ, ತಿಂಡಿಗಳನ್ನು ನಮ್ಮ ಜೇಬಿನಿಂದಲೇ ಹಾಕಿಕೊಂಡೆವು. ಕೂಡಿದ ಹಣದ ಪ್ರತಿಯೊಂದು ರೂಪಾಯಿಯ ಲೆಕ್ಕವನ್ನೂ, ಕೊಂಡ ಸೈಕಲ್ಲುಗಳ ರಸೀದಿಯನ್ನೂ ಕಾಲೇಜಿನ ಸೂಚನಾಫಲಕದಲ್ಲಿ ಅಂಟಿಸಿದೆವು. ಸಾದಾ ಸೈಕಲ್ಲೊಂದಕ್ಕೆ ಐದಾರು ಸಾವಿರ ರೂಪಾಯಿ ಬೀಳುತ್ತದೆ. ಪಂಪು, ಬೀಗ, ಎರಡು ದೀಪಗಳನ್ನು ಜೊತೆಗೆ ಕೊಡದಿದ್ದರೆ ಅದು ಆರು ತಿಂಗಳಲ್ಲಿ ಮೂಲೆ ಸೇರುತ್ತದೆ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಇಂತಹ ಸವಾರಿಗೆ ಹೊರಟರೆ ಬೈಯಬೇಡಿ. ನಾಲ್ಕು ಪ್ರಶ್ನೆ ಕೇಳಿ. ಹಿಂದೆ ವಾಹನ ಬರುತ್ತದೆಯೇ? ದೀಪಗಳೂ ಶಿರಸ್ತ್ರಾಣವೂ ಇವೆಯೇ? ನಿದ್ರೆ ಬಂದರೆ ನಿಲ್ಲುವ ಏರ್ಪಾಟು ಉಂಟೆ? ಹಣದ ಲೆಕ್ಕ ಯಾರು ಕೊಡುತ್ತಾರೆ? ನಾಲ್ಕಕ್ಕೂ ಸರಿಯಾದ ಉತ್ತರ ಬಂದರೆ ಹರಸಿ ಕಳುಹಿಸಿ. ಜೊತೆಗೆ ನಿಮ್ಮ ಕೈಲಾದುದನ್ನೂ ಕೊಡಿ.

ಸಹೋದ್ಯೋಗಿಗಳಿಗೆ ನಾನು ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿಯಾಗಿ ಒಪ್ಪಿದರೆಂದು ಹೇಳಲಾರೆ. ಆದರೆ ಫಲಕದ ಮೇಲಿನ ಲೆಕ್ಕವನ್ನು ಕನ್ನಡಕ ಹಾಕಿಕೊಂಡು ಆಮೂಲಾಗ್ರವಾಗಿ ಓದಿ, ಇನ್ನೊಂದು ಸೈಕಲ್ಲಿನ ಹಣವನ್ನು ಹಗಲಿನಲ್ಲಿಯೇ ಎಣಿಸಿ ಕೊಟ್ಟರು.