ಲೋಗೊ ಎಂದರೆ ಹೆಸರನ್ನು ಚೆಂದದ ಫಾಂಟ್‌ನಲ್ಲಿ ಟೈಪ್ ಮಾಡುವುದಷ್ಟೇನಾ?

ಸ್ವಂತ ಹೆಸರಿನಲ್ಲಿ ಬಟ್ಟೆ ಮಾರಲು ಹೊರಟ ಡಿಸೈನರ್ ಇರಲಿ, ಲಕ್ಷಾಂತರ ಫಾಲೋವರ್‌ಗಳಿರುವ ಫ್ಯಾಶನ್ ತಾರೆ ಇರಲಿ, ಮೊದಲು ಬೇಕಾಗುವುದು ಒಂದು ಲೋಗೊ. ‘ಚಿತ್ರ ಬೇಡ, ನನ್ನ ಹೆಸರಷ್ಟೇ ಇರಲಿ’ ಎನ್ನುವವರೇ ಹೆಚ್ಚು. ಆಗ ಬರುವ ಪ್ರಶ್ನೆಯೂ ಒಂದೇ: ಫಾಂಟ್ ಆರಿಸಿ ಹೆಸರು ಟೈಪ್ ಮಾಡಿದರೆ ಆಯಿತಲ್ಲ, ಐದು ನಿಮಿಷದ ಕೆಲಸಕ್ಕೆ ಅಷ್ಟೊಂದು ದುಡ್ಡೇಕೆ?

ಈ ನಂಬಿಕೆ ಅರ್ಧ ನಿಜ. ಟೈಪ್ ಮಾಡುವುದು ಆರಂಭ. ಅಲ್ಲಿಂದ ಮುಂದೆ ಅಕ್ಷರಗಳನ್ನು ತಿದ್ದುವ ಕೆಲಸ ಇರುತ್ತದೆ. ಅದಕ್ಕೆ ಕಾರಣ ನಮ್ಮ ಕಣ್ಣಿನ ಸ್ವಭಾವ.

ಕಣ್ಣು ಅಳತೆಗೋಲಲ್ಲ

8 ಎಂಬ ಅಂಕಿ ಅಚ್ಚಾಗಿರುವ ಕಾಗದವನ್ನು ತಲೆಕೆಳಗು ಮಾಡಿ ನೋಡಿ. ಎರಡೂ ಸೊನ್ನೆಗಳು ಒಂದೇ ಗಾತ್ರದವು ಅಂದುಕೊಂಡಿದ್ದೆವು. ಈಗ ಮೇಲಿನದು ಎದ್ದು ಕಾಣುವಷ್ಟು ದೊಡ್ಡದು! ಎರಡನ್ನೂ ಸಮ ಮಾಡಿದರೆ ಕಣ್ಣಿಗೆ ಮೇಲಿನದೇ ದೊಡ್ಡದಾಗಿ ತೋರುತ್ತದೆ. ಹಾಗಾಗಿ ಅದನ್ನು ಬೇಕೆಂದೇ ಚಿಕ್ಕದಾಗಿ ಬರೆದಿರುತ್ತಾರೆ. ಇಂಗ್ಲಿಷಿನ ‘ಎಸ್’ ಮತ್ತು ‘ಬಿ’ ಅಕ್ಷರಗಳಲ್ಲೂ ಇದೇ ಉಪಾಯ ಇದೆ.

ದುಂಡಗಿನ ‘ಓ’ ಮತ್ತು ಚಪ್ಪಟೆ ತುದಿಯ ‘ಎಚ್’ ಒಂದೇ ಎತ್ತರದಲ್ಲಿದ್ದರೆ ‘ಓ’ ಕುಳ್ಳಗೆ ಕಾಣುತ್ತದೆ. ಆದ್ದರಿಂದ ಅದನ್ನು ಗೆರೆಯ ಮೇಲಕ್ಕೂ ಕೆಳಕ್ಕೂ ಕೂದಲೆಳೆಯಷ್ಟು ಚಾಚಿಸಬೇಕು. ಒಂದೇ ದಪ್ಪದ ಅಡ್ಡಗೆರೆ ಲಂಬಗೆರೆಗಿಂತ ದಪ್ಪಗೆ ಕಾಣುವುದರಿಂದ ಅಡ್ಡಗೆರೆಯನ್ನು ತುಸು ತೆಳುಮಾಡಬೇಕು.

ಒಳ್ಳೆಯ ಫಾಂಟ್‌ನಲ್ಲಿ ಇಷ್ಟೆಲ್ಲ ತಿದ್ದುಪಡಿ ಮೊದಲೇ ಆಗಿರುತ್ತದೆ. ಆದರೆ ಓದುವ ಪಠ್ಯಕ್ಕೆಂದು ಮಾಡಿದ ಫಾಂಟ್‌ನಲ್ಲಿ ಅಕ್ಷರಗಳ ನಡುವಿನ ಜಾಗ ಸಣ್ಣ ಗಾತ್ರಕ್ಕೆ ಹೊಂದುವಂತಿರುತ್ತದೆ. ಅದನ್ನೇ ಬೋರ್ಡಿನಷ್ಟು ಹಿಗ್ಗಿಸಿದರೆ ‘ಎ’ ಮತ್ತು ‘ವಿ’ ಅಕ್ಷರಗಳ ನಡುವೆ ಗುಂಡಿ ಬಿದ್ದಂತೆಯೂ ಪಕ್ಕದ ಎರಡು ಲಂಬಗೆರೆಗಳು ಒತ್ತೊತ್ತಿ ನಿಂತಂತೆಯೂ ಕಾಣಬಹುದು. ಇಲ್ಲಿ ಸ್ಕೇಲ್ ಹಿಡಿದು ದೂರ ಅಳೆದರೆ ಪ್ರಯೋಜನವಿಲ್ಲ, ನಡುವಿನ ಖಾಲಿ ಜಾಗ ಕಣ್ಣಿಗೆ ಸಮ ಅನ್ನಿಸಬೇಕು. ಆರೇಳು ಅಕ್ಷರಗಳ ಲೋಗೊದಲ್ಲಿ ಇಂಥ ಒಂದು ಗುಂಡಿಯೂ ಮರೆಯಾಗಿ ಉಳಿಯುವುದಿಲ್ಲ.

ತೆಳುಗೆರೆಯ ಮೋಹ

ಫ್ಯಾಶನ್ ಎಂದೊಡನೆ ದಪ್ಪ ಕಂಬಗಳ ಪಕ್ಕ ಎಳೆಯಂಥ ತೆಳುಗೆರೆಗಳಿರುವ ಅಕ್ಷರಗಳು ನೆನಪಾಗುತ್ತವೆ. ‘ವೋಗ್’ ಪತ್ರಿಕೆಯ ಶೀರ್ಷಿಕೆ ಇದಕ್ಕೆ ಉದಾಹರಣೆ. ಈ ಶೈಲಿ ಹುಟ್ಟಿದ್ದು ಬಟ್ಟೆ ಅಂಗಡಿಗಾಗಿ ಅಲ್ಲ. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್‌ನ ದಿದೊ ಕುಟುಂಬ ಮತ್ತು ಇಟಲಿಯ ಪಾರ್ಮಾದ ಬೊಡೋನಿ ಪುಸ್ತಕ ಮುದ್ರಣಕ್ಕೆಂದು ಇದನ್ನು ರೂಪಿಸಿದರು. 20ನೇ ಶತಮಾನದ ಫ್ಯಾಶನ್ ಪತ್ರಿಕೆಗಳು ಮತ್ತೆ ಮತ್ತೆ ಬಳಸಿದ್ದರಿಂದ ನಮ್ಮ ಮಿದುಳು ಇದನ್ನು ಐಷಾರಾಮದ ಜೊತೆ ಜೋಡಿಸಿಕೊಂಡಿದೆ. ಅಂದರೆ ಇದು ನಾವು ಕಲಿತ ಅಭ್ಯಾಸ, ಅಕ್ಷರದ ಸಹಜ ಗುಣವಲ್ಲ.

ಈ ತೆಳುಗೆರೆ ಸಣ್ಣ ಗಾತ್ರದಲ್ಲಿ ಮಾಯವಾಗುತ್ತದೆ. 1990ರ ದಶಕದ ಆರಂಭದಲ್ಲಿ ‘ಹಾರ್ಪರ್ಸ್ ಬಜಾರ್’ ಪತ್ರಿಕೆಗೆ ಇದೇ ಶೈಲಿಯ ಅಕ್ಷರ ಮಾಡಿದ ಜೊನಾಥನ್ ಹೋಫ್ಲರ್ ಒಂದೇ ವಿನ್ಯಾಸವನ್ನು ಏಳು ಬೇರೆ ಬೇರೆ ಗಾತ್ರಗಳಿಗೆ ಪ್ರತ್ಯೇಕವಾಗಿ ಬಿಡಿಸಬೇಕಾಯಿತು. ಬಟ್ಟೆಯ ಬ್ರ್ಯಾಂಡ್‌ಗೆ ಈ ಕಷ್ಟ ಇನ್ನೂ ಹೆಚ್ಚು. ಕಾಲರ್ ಒಳಗಿನ ಲೇಬಲ್ ನೇಯುವುದು ದಾರದಿಂದ. ದಾರಕ್ಕೊಂದು ದಪ್ಪ ಇದೆ, ಅದಕ್ಕಿಂತ ತೆಳುವಾದ ಗೆರೆ ಅಲ್ಲಿ ಮೂಡದು. ಆದ್ದರಿಂದ ಬೋರ್ಡಿಗೆ ಒಂದು, ಲೇಬಲ್ ಮತ್ತು ಮೊಬೈಲ್ ಪರದೆಗೆ ತುಸು ದಪ್ಪಗೆರೆಯ ಇನ್ನೊಂದು ರೂಪ ಬೇಕಾಗುತ್ತದೆ.

ನಿಯಮ ಮುರಿದರೂ ಉಳಿದ ಲೋಗೊ

ಒಂದೇ ಫಾಂಟ್, ಒಂದೇ ಶೈಲಿ ಇರಬೇಕೆಂಬ ಮಾತೂ ಇದೆ. ಈವ್ ಸಾನ್ ಲೊರಾನ್ ಅವರ ‘ವೈಎಸ್‌ಎಲ್’ ಗುರುತು ಇದಕ್ಕೆ ಉತ್ತರ. 1960ರ ದಶಕದ ಆರಂಭದಲ್ಲಿ ಪೋಸ್ಟರ್ ಕಲಾವಿದ ಕಸಾಂಡ್ರ ಇದನ್ನು ಬಿಡಿಸಿದರು. ನೆಟ್ಟಗಿನ ಅಕ್ಷರಗಳ ರೀತಿಯನ್ನೂ ಓರೆ ಅಕ್ಷರಗಳ ರೀತಿಯನ್ನೂ ಬೆರೆಸಿ, ಮೂರು ಅಕ್ಷರಗಳನ್ನು ಒಂದರೊಳಗೊಂದು ಹೆಣೆದರು. ಟೈಪ್ ಮಾಡಿ ಪಡೆಯಲಾಗದ ರೂಪ ಅದು.

2012ರಲ್ಲಿ ಸಂಸ್ಥೆಯ ಕಲಾ ನಿರ್ದೇಶಕರಾಗಿದ್ದ ಎಡಿ ಸ್ಲಿಮಾನ್ ಸಿದ್ಧ ಉಡುಪುಗಳ ಹೆಸರಿನಿಂದ ‘ಈವ್’ ತೆಗೆದು ಸರಳವಾದ ಹೆಲ್ವೆಟಿಕಾ ಮಾದರಿಯ ಅಕ್ಷರ ತಂದರು. 2018ರಲ್ಲಿ ಬರ್ಬರಿ, ಸೆಲೀನ್, ಬಾಲ್ಮಾಂ ಕೂಡ ಅಂಥದೇ ದಪ್ಪ, ಅಲಂಕಾರವಿಲ್ಲದ ಅಕ್ಷರಗಳನ್ನು ಹಾಕಿಕೊಂಡವು. ಮೊಬೈಲ್ ಪರದೆಯಲ್ಲಿ ಅವು ಸ್ಪಷ್ಟವಾಗಿ ಕಂಡವು, ನಿಜ. ಆದರೆ ಹೆಸರು ಓದದೆ ಯಾವುದು ಯಾರದ್ದೆಂದು ಹೇಳುವುದು ಕಷ್ಟವಾಯಿತು. 2023ರಲ್ಲಿ ಬರ್ಬರಿ ತನ್ನ ಹಳೆಯ ಕುದುರೆ ಸವಾರನ ಚಿತ್ರಕ್ಕೂ ತುದಿಗೆರೆಗಳಿರುವ ಅಕ್ಷರಕ್ಕೂ ಮರಳಿತು. ವೈಎಸ್‌ಎಲ್ ಹೆಣಿಗೆಯಂತೂ ಬ್ಯಾಗುಗಳ ಮೇಲೆ ಇಂದಿಗೂ ಇದೆ.

ನನ್ನ ಹೆಸರು ನನ್ನದೇ ಅಲ್ಲವೇ?

ಎಲ್ಲಕ್ಕಿಂತ ದುಬಾರಿಯಾಗಬಲ್ಲ ತಪ್ಪು ನಂಬಿಕೆ ಇದು. ಅಮೆರಿಕದ ಹೆಸರಾಂತ ಡಿಸೈನರ್ ಹಾಲ್ಸ್‌ಟನ್ 1973ರಲ್ಲಿ ತಮ್ಮ ಸಂಸ್ಥೆಯನ್ನೂ ಹೆಸರಿನ ಹಕ್ಕನ್ನೂ ನಾರ್ಟನ್ ಸೈಮನ್ ಕಂಪನಿಗೆ ಮಾರಿದರು. ಮುಂದೆ ಒಡೆತನ ಕೈಯಿಂದ ಕೈಗೆ ಹೋಯಿತು. 1980ರ ದಶಕದಲ್ಲಿ ಅವರು ತಮ್ಮ ಹೆಸರಿನ ಸಂಸ್ಥೆಯಿಂದಲೇ ಹೊರಗುಳಿದರು. ತಮ್ಮದೇ ಹೆಸರಿನಲ್ಲಿ ಬಟ್ಟೆ ಮಾರುವ ಹಕ್ಕು ಅವರಿಗಿರಲಿಲ್ಲ. 1990ರಲ್ಲಿ ತೀರಿಕೊಳ್ಳುವವರೆಗೂ ಅದು ಮರಳಿ ಸಿಗಲಿಲ್ಲ.

ಭಾರತದಲ್ಲಿ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಹೆಸರನ್ನು ಪದವಾಗಿಯೂ, ಬಿಡಿಸಿದ ಲೋಗೊವನ್ನು ಚಿತ್ರವಾಗಿಯೂ ನೋಂದಾಯಿಸಬಹುದು. ಉಡುಪುಗಳು 25ನೇ ವರ್ಗಕ್ಕೆ ಸೇರುತ್ತವೆ. ನೋಂದಣಿ 10 ವರ್ಷಗಳದ್ದು, ಬಳಿಕ ನವೀಕರಿಸಬಹುದು. ಲೋಗೊವನ್ನಷ್ಟೇ ನೋಂದಾಯಿಸಿದರೆ ಮುಂದೆ ವಿನ್ಯಾಸ ಬದಲಿಸಿದಾಗ ರಕ್ಷಣೆ ಸಡಿಲವಾಗಬಹುದು. ಪದವನ್ನು ನೋಂದಾಯಿಸಿದರೆ ಯಾವ ಫಾಂಟ್‌ನಲ್ಲಿ ಬರೆದರೂ ರಕ್ಷಣೆ ಇರುತ್ತದೆ. ಇನ್ನೊಂದು ಎಚ್ಚರ: ಉಚಿತವಾಗಿ ಸಿಗುವ ಎಲ್ಲ ಫಾಂಟ್‌ಗಳಿಗೂ ವ್ಯಾಪಾರಕ್ಕೆ ಬಳಸುವ ಪರವಾನಗಿ ಇರುವುದಿಲ್ಲ.

ಕನ್ನಡದ ಬೋರ್ಡಿಗೆ ಬಂದಾಗ

ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕರ್ನಾಟಕ ಕಾನೂನು ತಿದ್ದಿದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳು ಹೆಚ್ಚುಕಡಿಮೆ ಎರಡು ಗೆರೆಗಳ ನಡುವೆ ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ತಲೆಕಟ್ಟು ಮತ್ತು ಗುಡಿಸು ಮೇಲೆ, ಒತ್ತಕ್ಷರ ಕೆಳಗೆ ಜಾಗ ಕೇಳುತ್ತವೆ. ಅದೇ ಎತ್ತರದ ಪಟ್ಟಿಯೊಳಗೆ ಕನ್ನಡವನ್ನು ತುರುಕಿದರೆ ಅಕ್ಷರ ಕುಗ್ಗಿ, ಒತ್ತು ಓದಲು ಬಾರದಂತಾಗುತ್ತದೆ. ಕನ್ನಡ ರೂಪವನ್ನು ಮೊದಲಿನಿಂದಲೇ ಜೊತೆಗೆ ಬಿಡಿಸಿಕೊಂಡರೆ ಈ ತೊಂದರೆ ಇಲ್ಲ.

ಹಾಗಾದರೆ ಲೋಗೊ ಕೈಗೆ ಬಂದಾಗ ಏನು ನೋಡಬೇಕು? ಕಪ್ಪು–ಬಿಳುಪಿನಲ್ಲಿ ಮುದ್ರಿಸಿ. ಒಮ್ಮೆ ಉಗುರಿನಷ್ಟು ಕುಗ್ಗಿಸಿ, ಇನ್ನೊಮ್ಮೆ ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ದೂರದಿಂದ ನೋಡಿ. ತಲೆಕೆಳಗು ಮಾಡಿದರೆ ನಾವು ಹೆಸರು ಓದುವುದನ್ನು ಬಿಟ್ಟು ಆಕಾರ, ಜಾಗಗಳನ್ನು ಗಮನಿಸುತ್ತೇವೆ. ಗುಂಡಿಗಳು ಆಗ ಕಾಣುತ್ತವೆ. ಕೊನೆಯದಾಗಿ, ಪ್ರತಿಸ್ಪರ್ಧಿಯ ಹೆಸರನ್ನು ಅದೇ ಫಾಂಟ್‌ನಲ್ಲಿ ಟೈಪ್ ಮಾಡಿ ಪಕ್ಕಕ್ಕಿಡಿ. ಎರಡೂ ಒಂದೇ ಮನೆಯವರಂತೆ ಕಂಡರೆ, ನಮ್ಮ ಕೈಯಲ್ಲಿರುವುದು ಇನ್ನೂ ಫಾಂಟ್ ಮಾತ್ರ, ಲೋಗೊ ಅಲ್ಲ.